ಪಾದ ಕಾಣಬೇಕು

"ಇದು ನನ್ನದಲ್ವಾ?" ಎಂದು ಕೇಳಿದರು ದಂತವೈದ್ಯರು. ಆಗಲೇ ಅವರು ಫೋಟೋಗೆ ತಯಾರಾಗಿ, ಕೈ ಹಿಂದಕ್ಕೆ ಕಟ್ಟಿ, ಹೊಟ್ಟೆ ಒಳಗೆಳೆದುಕೊಂಡು ಹೊಲದ ನಡುವೆ ನಿಂತಾಗಿತ್ತು.

"ಅಲ್ಲ. ಇದು ಪಕ್ಕದವರದು. ನಿಮ್ಮದು ಆ ಕಲ್ಲಿನ ಆಚೆ," ಎಂದ ಪರಿಶೀಲನಾಧಿಕಾರಿ.

"ಓ. ಒಂದೇ ಥರ ಇದೆಯಲ್ಲ!"

ಏನೂ ಬೆಳೆಯದಿರುವುದರಲ್ಲಿ ಎಷ್ಟು ಥರ ಇರಲು ಸಾಧ್ಯ ಎಂದು ಅವನು ಹೇಳಬೇಕೆಂದುಕೊಂಡ. ಹೇಳಲಿಲ್ಲ. ಪರಿಶೀಲನಾಧಿಕಾರಿಯಾದ ಮೇಲೆ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದರಲ್ಲಿ ಅವನು ಇಲಾಖೆಯಲ್ಲಿ ಒಳ್ಳೆಯ ಹೆಸರು ಸಂಪಾದಿಸಿದ್ದ.

ದಂತವೈದ್ಯರು ಪ್ಯಾಂಟಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ತಮ್ಮದಲ್ಲದ ಭೂಮಿಯಿಂದ ತಮ್ಮ ಭೂಮಿಗೆ ನಡೆದರು. ಬಿಳಿ ಬೂಟಿಗೆ ಧೂಳು ಮೆತ್ತಿತೆಂದು ಎರಡು ಸಲ ನಿಂತು ಒರೆಸಿಕೊಂಡರು. ತಮ್ಮ ಜಮೀನನ್ನು ಅವರು ನೋಡುತ್ತಿದ್ದುದು ವರ್ಷಕ್ಕೊಮ್ಮೆ, ಅದೂ ಸರ್ಕಾರ ಜೀಪು ಕಳಿಸಿದರೆ.

ಯೋಜನೆಯ ಹೆಸರು ಭೂವಿಶ್ರಾಂತಿ. ಶತಮಾನಗಳಿಂದ ದುಡಿದು ನೆಲ ದಣಿದಿದೆ, ಅದಕ್ಕೆ ವಿಶ್ರಾಂತಿ ಬೇಕು ಎಂದು ರಾಜಧಾನಿಯಲ್ಲಿ ಯಾರಿಗೋ ಹೊಳೆದಿತ್ತು. ಯಾರು ತಮ್ಮ ಭೂಮಿಯಲ್ಲಿ ಏನನ್ನೂ ಬೆಳೆಯುವುದಿಲ್ಲವೋ ಅವರಿಗೆ, ಬೆಳೆಯದೆ ಇದ್ದುದಕ್ಕಾಗಿ, ಸರ್ಕಾರ ಸಹಾಯಧನ ಕೊಡುತ್ತಿತ್ತು. ಹೆಚ್ಚು ಭೂಮಿ ಇದ್ದವರು ಹೆಚ್ಚು ಬೆಳೆಯದೆ ಇದ್ದು ಹೆಚ್ಚು ಪಡೆಯುತ್ತಿದ್ದರು. ಹೀಗೆ ಬೆಳೆಯದೆ ಇರುವ ಕೆಲಸದಲ್ಲಿ ಜಿಲ್ಲೆಯ ದಂತವೈದ್ಯರು, ಒಡವೆ ವ್ಯಾಪಾರಿ, ಇಬ್ಬರು ವಕೀಲರು, ಚಿತ್ರಮಂದಿರದ ಮಾಲೀಕ ಎಲ್ಲರೂ ಮೈಮುರಿದು ತೊಡಗಿದ್ದರು. ರೈತರಿಗೆ ಮಾತ್ರ ಅದು ಅಷ್ಟಾಗಿ ಒಗ್ಗಿರಲಿಲ್ಲ. ಅವರಿಗೆ ಸುಮ್ಮನಿರುವ ಅಭ್ಯಾಸವಿಲ್ಲ.

ಫಲಾನುಭವಿ ತನ್ನ ಹೊಲದ ನಡುವೆ ನಿಲ್ಲಬೇಕು, ಫೋಟೋದಲ್ಲಿ ಅವನ ಪಾದ ಕಾಣಬೇಕು. ಅಷ್ಟೇ ನಿಯಮ. ಪಾದ ಕಂಡರೆ ನೆಲದ ಮೇಲೆ ಏನೂ ಎದ್ದಿಲ್ಲವೆಂದು ಅರ್ಥ. ಮುಖ ಬೇಡ, ಮುಖ ಖಾಸಗಿ ವಿಷಯ. ಫೋಟೋ ರಾಜಧಾನಿಗೆ ಹೋದರೆ ಅಲ್ಲೊಂದು ಯಂತ್ರ ಎರಡು ಪಾದಗಳನ್ನು ಗುರುತಿಸಿ ಹಣ ಬಿಡುತ್ತಿತ್ತು. ಪಂಚಾಯಿತಿಯ ಮಾಜಿ ಅಧ್ಯಕ್ಷರ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಆಕೆಯ ಪಾದಗಳು ತಪ್ಪದೆ ಹಾಜರಾಗುತ್ತಿದ್ದವು. ಕಳೆದ ವರ್ಷ ಆ ಪಾದಗಳು ಕ್ರಿಕೆಟ್ ಬೂಟು ಹಾಕಿಕೊಂಡು ಬಂದಿದ್ದವು. ಯಂತ್ರ ತಕರಾರು ತೆಗೆಯಲಿಲ್ಲ.

"ನಗಬೇಕಾ?" ಎಂದರು ದಂತವೈದ್ಯರು.

"ಮುಖ ಬರೋದಿಲ್ಲ."

"ಹಾಗಾದ್ರೆ ಇಷ್ಟೊತ್ತು ಹೊಟ್ಟೆ ಯಾಕ್ರೀ ಒಳಗೆ ಎಳ್ಕೊಂಡಿದ್ದೆ?" ಎಂದು ಜೋರಾಗಿ ನಕ್ಕು ಹೊಟ್ಟೆಯನ್ನು ಅದರ ಜಾಗಕ್ಕೆ ಬಿಟ್ಟರು. ಫೋಟೋ ಮುಗಿದ ಮೇಲೆ ಅವನ ಬಾಯಿಯನ್ನೇ ನೋಡಿದರು. "ನೀವು ನಿದ್ದೇಲಿ ಹಲ್ಲು ಕಡೀತೀರಾ?"

"ಗೊತ್ತಿಲ್ಲ."

"ಕಡೀತೀರಿ. ಸವೆದು ಹೋಗಿವೆ. ಒಂದಿನ ಬನ್ನಿ, ನಿಮ್ಮ ಹತ್ರ ಫೀಸ್ ತಗೊಳೋದಿಲ್ಲ."

ಅವನು ಬಾಯಿ ಮುಚ್ಚಿಕೊಂಡು ಜೀಪು ಹತ್ತಿದ.

ಜೀಪು ನಡೆಸುತ್ತಿದ್ದವನು ಇನ್ನೊಬ್ಬ ಪರಿಶೀಲನಾಧಿಕಾರಿ. ಉದ್ದ ಕಾಲು, ಸಣ್ಣ ತಲೆ. ಕಚೇರಿಯಲ್ಲಿ ಎಲ್ಲರಿಗೂ ಅವನು ಕೊಕ್ಕರೆ. ಯಾವುದಕ್ಕೂ ಬೇಸರಿಸದ ಮನುಷ್ಯ. ಬೇಸರಿಸುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ ಎಂದು ಅವನು ಕೊಕ್ಕರೆಯ ಬಗ್ಗೆ ಒಳಗೊಳಗೇ ಮೂಗು ಮುರಿಯುತ್ತಿದ್ದ. ಸಂಜೆ ಕೊಕ್ಕರೆ ಆರಾಮವಾಗಿ ಮನೆಗೆ ಹೋಗಿ ಮಕ್ಕಳೊಂದಿಗೆ ಕೇರಂ ಆಡುವುದನ್ನು ನೆನೆದು ಹೊಟ್ಟೆಕಿಚ್ಚೂ ಪಡುತ್ತಿದ್ದ.

"ಮಧ್ಯಾಹ್ನ ನಿಂದು ಕಣಯ್ಯಾ," ಎಂದ ಕೊಕ್ಕರೆ.

"ಗೊತ್ತು."

"ಆಲೂಗಡ್ಡೆ ನಿಂತಿದೆಯಂತೆ."

ಅವನು ಕಿಟಕಿಯಾಚೆ ನೋಡಿದ. ವಿಶ್ರಾಂತಿಯಲ್ಲಿದ್ದ ಹೊಲಗಳು ಒಂದಾದ ಮೇಲೊಂದು ಹಿಂದಕ್ಕೆ ಓಡುತ್ತಿದ್ದವು.

ಅಧಿಕಾರಿಗಳಿಗೂ ಜಮೀನುಗಳಿದ್ದವು, ಅವಕ್ಕೆ ಮಾತ್ರ ಯಂತ್ರ ಆರಿಸಿದ ವರ್ಷವಷ್ಟೇ ಪರಿಶೀಲನೆ. ತನ್ನದನ್ನು ತಾನೇ ಪರಿಶೀಲಿಸುವಂತಿಲ್ಲವಾದ್ದರಿಂದ, ಕ್ಷೌರದಂಗಡಿಯವರು ಒಬ್ಬರ ತಲೆ ಒಬ್ಬರು ಬೋಳಿಸುವ ಹಾಗೆ, ಇಬ್ಬಿಬ್ಬರು ಜೋಡಿಯಾಗಿ ಒಬ್ಬರದನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಅವನ ಜಮೀನು ನಿಜಕ್ಕೂ ಮಾವನದು. ಒಂದು ಹೆಸರಿಗೆ ಇಷ್ಟೇ ಎಂದು ಸರ್ಕಾರ ಮಿತಿ ಹಾಕಿದಾಗ ಮಾವ ಮಿಕ್ಕದ್ದನ್ನು ಅಳಿಯನ ಹೆಸರಿಗೆ ಮಾಡಿದ್ದರು. ಅಳಿಯ ಮಣ್ಣಿನ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟು ಪಡೆದವನು. ಮಣ್ಣಿನೊಂದಿಗೆ ಅವನಿಗಿದ್ದ ಮಿಕ್ಕೆಲ್ಲ ಸಂಬಂಧ ಬರೀ ಸಹಿಯದು.

ಯೋಜನೆಗೆ ಮೊದಲು ಆ ಹೊಲವನ್ನು ಒಬ್ಬ ಹೆಂಗಸು ಮಾಡುತ್ತಿದ್ದಳು. ಗಂಡನಿಲ್ಲದವಳು, ಬಾಯಿ ಜೋರು. ಬೆಳೆದದ್ದರಲ್ಲಿ ಅರ್ಧ ಮಾವನ ಮನೆಗೆ ತಂದು ಸುರಿದು, ತೂಕದ ವಿಷಯದಲ್ಲಿ ಜಗಳವಾಡಿ ಹೋಗುತ್ತಿದ್ದಳು. ಸಹಾಯಧನ ಶುರುವಾದ ಮೇಲೆ ಮಾವ ಅವಳನ್ನು ಬಿಡಿಸಿದರು. ಈ ಸಲ ಬಿತ್ತನೆಯ ಹೊತ್ತಿಗೆ ಅವಳು ಗೇಟಿನ ಹತ್ತಿರ ಇವನನ್ನು ಒಬ್ಬನೇ ಇದ್ದಾಗ ಹಿಡಿದಿದ್ದಳು.

"ಅಣ್ಣಾ, ಇದೊಂದು ಸಲ ಹಾಕ್ಕೋತೀನಿ. ಹಸು ಮಾರಿ ಬೀಜದ ಗಡ್ಡೆ ತರ್ತೀನಿ. ಆಮೇಲೆ ಬೇಡ ಅನ್ನಬಾರ್ದು ನೋಡಿ."

"ಅನ್ನೋದಿಲ್ಲ. ಹಾಕ್ಕೋ. ಈ ವರ್ಷ ನಮ್ಮ ಕಡೆ ಪರಿಶೀಲನೆ ಬರೋದಿಲ್ಲ."

ಅಣ್ಣಾ ಎಂದು ಕರೆಸಿಕೊಂಡದ್ದು ಅವನಿಗೆ ಹಿಡಿಸಿತ್ತು. ಅಂದು ಮಹಡಿಯ ಕೋಣೆಗೆ ಹೋಗಿ, ನನ್ನಲ್ಲಿ ಇನ್ನೂ ಮನುಷ್ಯತ್ವ ಉಳಿದಿದೆ ಎಂದುಕೊಂಡಿದ್ದ. ಆ ವಾಕ್ಯ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಇನ್ನೊಮ್ಮೆ ಅಂದುಕೊಂಡಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಳ್ಳೆಯತನವನ್ನು ಡಂಗುರ ಸಾರಬಾರದು ಎಂಬುದು ಕಾರಣ. ಮಾವನ ಭಯವಲ್ಲ ಎಂದೂ ತೀರ್ಮಾನಿಸಿಕೊಂಡಿದ್ದ.

ಹೋದ ವಾರ ರಾಜಧಾನಿಯ ಯಂತ್ರ ತನಗೆ ತೋಚಿದ ಹೊಲಗಳನ್ನು ಆರಿಸಿತು. ಅದರಲ್ಲಿ ಅವನದೂ ಇತ್ತು. ಅಂದು ಕೊಕ್ಕರೆಯೊಬ್ಬನಿಗೆ ವಿಷಯವನ್ನೆಲ್ಲ ಹೇಳಿಕೊಂಡಿದ್ದ.

"ಎಷ್ಟು ದಿನ ಬೇಕಂತೆ ಅವಳಿಗೆ?" ಎಂದ ಕೊಕ್ಕರೆ, ಜೀಪಿನ ಗೇರು ಬದಲಿಸುತ್ತ.

"ಮೂರು ವಾರ ಇರಬಹುದು."

"ಅಷ್ಟೇನಾ! ಸಾಹೇಬ್ರಿಗೆ ಒಂದು ಮಾತು ಹೇಳು, ಮುಂದಿನ ತಿಂಗಳಿಗೆ ಹಾಕ್ಕೊಡ್ತಾರೆ. ಅವಳು ಗಡ್ಡೆ ಕಿತ್ಕೊಳ್ಳಲಿ. ಆಮೇಲೆ ಹೊಲ ಖಾಲಿ, ನಿನ್ನ ಪಾದವೂ ಕಾಣ್ತದೆ. ಯಾರಿಗೇನು ನಷ್ಟ?"

"ಕಾರಣ ಕೇಳ್ತಾರೆ."

"ಕೇಳ್ತಾರೆ. ನಾನೇ ಹಾಕ್ಕೋ ಅಂದಿದ್ದೆ ಅನ್ನು. ಒಂದು ಸಲ ಹುಬ್ಬೇರಿಸ್ತಾರೆ. ಹುಬ್ಬೇರಿಸಿದ್ರೆ ಯಾರೂ ಸಾಯೋದಿಲ್ಲ."

ಕೊಕ್ಕರೆಗೆ ಎಲ್ಲವೂ ಎಷ್ಟು ಸುಲಭ ಎಂದು ಅವನಿಗೆ ಸಿಟ್ಟು ಬಂತು.

ಸಾಹೇಬರ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಗಿಡವಿತ್ತು. ಜವಾನ ಅದರ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದ. ಸಾಹೇಬರು ಎದ್ದು ನಿಂತು ಅವನ ಕೈ ಕುಲುಕಿದರು. ಇದು ಅವನು ಎಣಿಸಿರದ ಸಂಗತಿ.

"ಬನ್ನಿ ಡಾಕ್ಟ್ರೇ, ನಿಮ್ಮನ್ನೇ ಕರೆಸೋಣ ಅಂತಿದ್ದೆ. ಈಗಷ್ಟೇ ಫೋನ್ ಬಂತು. ವಿಶ್ರಾಂತಿಯಲ್ಲಿ ನಮ್ಮ ಜಿಲ್ಲೆಯೇ ಮೊದಲು!"

"ಸಂತೋಷ ಸರ್."

"ಸಮಾರಂಭ ಮಾಡ್ತಾರಂತೆ. ಮಣ್ಣಿನ ಬಗ್ಗೆ ಒಬ್ಬರು ಮಾತಾಡಬೇಕಂತೆ. ನಿಮ್ಮ ಹೆಸರು ಕೊಟ್ಟಿದ್ದೀನಿ. ಓದಿಕೊಂಡವರು, ಕೈ ಶುದ್ಧ ಇಟ್ಕೊಂಡವರು. ಇವತ್ತು ನಿಮ್ಮದೇ ಜಮೀನಿನ ಪರಿಶೀಲನೆ ಅಲ್ವಾ? ಆ ಫೋಟೋನೇ ದೊಡ್ಡದಾಗಿ ಹಾಕಿಸೋಣ. ಮಾದರಿ ಅಂತ."

"ಪಾದ ಮಾತ್ರ ಬರುತ್ತೆ ಸರ್."

"ಪಾದವೇ ಸಾಕು!"

ಅವನು ನಕ್ಕ. ಗಂಟಲಿನಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ಮೆಟ್ಟಿಲು ಹತ್ತುವಾಗ ಅದನ್ನು ಮೂರು ಬಗೆಯಲ್ಲಿ ಕೂಡಿಸಿ, ಅದರಲ್ಲಿ ತನ್ನ ತಪ್ಪು ಚಿಕ್ಕದಾಗಿಯೂ ಕನಿಕರ ದೊಡ್ಡದಾಗಿಯೂ ಕಾಣುವ ಬಗೆಯನ್ನು ಆರಿಸಿಕೊಂಡಿದ್ದ. ಈಗ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಏನೋ ಹೇಳೋಕೆ ಬಂದ್ರಲ್ಲ?"

"ಏನಿಲ್ಲ ಸರ್."

"ಹೇಳಿ, ಸಂಕೋಚ ಬೇಡ."

ಸಾಹೇಬರು ನಿಜವಾಗಿಯೂ ಕಾಯುತ್ತಿದ್ದರು. ಅವರ ಮುಖದಲ್ಲಿ ಕೇಡೇನೂ ಇರಲಿಲ್ಲ. ಕೇಳಿದ್ದರೆ ಮೂರು ವಾರ ಕೊಡುತ್ತಿದ್ದರು, ಅವನಿಗೆ ಅದೇ ಕಷ್ಟವಾಯಿತು. ಕೊಡದವರೆದುರು ಸುಮ್ಮನಿರುವುದಕ್ಕೆ ಒಂದು ಗೌರವವಾದರೂ ಇರುತ್ತದೆ.

"ನನ್ನ ಕೋಣೆಯ ಫ್ಯಾನು ಸದ್ದು ಮಾಡ್ತಿದೆ ಸರ್," ಎಂದ.

"ಛೆ ಛೆ! ಮೊದಲೇ ಹೇಳಬಾರ್ದಾ?" ಎಂದು ಸಾಹೇಬರು ಆಗಲೇ ಫೋನು ಎತ್ತಿ ಯಾರನ್ನೋ ತರಾಟೆಗೆ ತೆಗೆದುಕೊಂಡರು.

ಅವನು ಮನೆಗೆ ಬಂದಾಗ ಊಟದ ಮೇಜಿನೆದುರು ಮಾವ ಆಗಲೇ ಕೈ ತೊಳೆದು ಕೂತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಮನೆಯವರನ್ನೆಲ್ಲ ಸಾಲ ಕೇಳಲು ಬಂದವರ ಹಾಗೆ ನೋಡುತ್ತಿದ್ದರು. ಹೆಂಡತಿ ಶಾಲೆಯಿಂದ ಬಂದವಳು ಸೀರೆಯನ್ನೂ ಬದಲಿಸದೆ ಬಡಿಸುತ್ತಿದ್ದಳು. ಹೆಡ್‌ಮಿಸ್ ಆದಮೇಲೆ ಅವಳಿಗೆ ಮನೆಯಲ್ಲೂ ಯಾರ ಕಿವಿಯನ್ನಾದರೂ ಹಿಂಡಬೇಕೆನಿಸುತ್ತಿತ್ತು.

"ಅಳಿಯಂದಿರೇ, ನಿಮ್ಮ ಹೊಲದಲ್ಲಿ ಆಲೂಗಡ್ಡೆ ಬೆಳೀತಿದೆಯಂತೆ," ಎಂದರು ಮಾವ. ಅವರಿಗೆ ಅದು ಲಾಭ ತರುವಾಗ ನಮ್ಮ ಹೊಲ, ತಲೆನೋವಾದಾಗ ನಿಮ್ಮ ಹೊಲ.

"ಹೌದಂತೆ."

"ಬೇಲಿ ಹಾಕಿಸಿದ್ರೂ ನುಗ್ಗಿದಾಳಲ್ಲ, ಅವಳ ಧೈರ್ಯ ನೋಡಿ! ಇರಲಿ. ಟ್ರ್ಯಾಕ್ಟರಿನವನಿಗೆ ಹೇಳಿದೀನಿ. ಊಟ ಆದ ಕೂಡಲೇ ಬರ್ತಾನೆ. ಅರ್ಧ ಗಂಟೆ ಕೆಲಸ."

ಹೆಂಡತಿ ನೀರು ಸುರಿಯುವುದನ್ನು ನಿಲ್ಲಿಸಿದಳು. "ರೀ, ನೀವೇನಾದ್ರೂ ಹೇಳಿದ್ರಾ ಅವಳಿಗೆ, ಹಾಕ್ಕೋ ಅಂತ?"

"ನಾನು ಯಾಕೆ ಹೇಳಲಿ?"

"ಹೇಳಿದ್ರಾ ಇಲ್ವಾ?"

"ಇಲ್ಲ."

ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಶಾಲೆಯಲ್ಲಿ ಕಿಟಕಿ ಗಾಜು ಒಡೆದವರನ್ನು ಹಾಗೆ ನೋಡುತ್ತಿದ್ದಿರಬೇಕು. ಆಮೇಲೆ ಲೋಟ ತುಂಬಿಸಿದಳು. "ಊಟ ಮಾಡಿ, ತಣ್ಣಗಾಗ್ತಿದೆ." ಅವಳಿಗೆ ಗೊತ್ತಾಯಿತೆಂದು ಅವನಿಗೂ, ಅವನಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಹೀಗೆ ಎಷ್ಟೋ ವಿಷಯಗಳು ವಿಶ್ರಾಂತಿ ಪಡೆಯುತ್ತಿದ್ದವು.

ಊಟ ಮುಗಿಸಿ ಮಹಡಿಯ ಕೋಣೆಗೆ ಹೋದ. ಸಹಾಯಧನದಲ್ಲಿ ಕಟ್ಟಿಸಿದ ಕೋಣೆ ಅದು. ಓದುವ ಕೋಣೆಯೆಂದು ಹೆಸರು. ಒಳ್ಳೆಯ ಬೆಳಕು, ದೊಡ್ಡ ಮೇಜು. ಮಣ್ಣಿನ ಬಗ್ಗೆ ಪುಸ್ತಕ ಬರೆಯುತ್ತೇನೆಂದು ಮೇಜಿನೆದುರು ಕೂತು, ಇಲ್ಲಿ ನನಗೆ ಯಾರೂ ತೊಂದರೆ ಕೊಡುವುದಿಲ್ಲ ಎಂದು ಸಮಾಧಾನಪಟ್ಟು, ಅವನು ದಿನವೂ ನಿದ್ದೆ ಹೋಗುತ್ತಿದ್ದ. ಇವತ್ತು ಕೂರಲಿಲ್ಲ. ಕಿಟಕಿಯ ಹತ್ತಿರ ನಿಂತು, ಹೊಲದ ಹೆಂಗಸಿಗೆ ಹೇಳಿ ಕಳಿಸಿದರೆ ಹೇಗೆ ಎಂದು ಯೋಚಿಸಿದ. ಏನೆಂದು ಹೇಳಿ ಕಳಿಸುವುದು? ಒಂದು ಹಸು ಕೊಡಿಸಿಬಿಟ್ಟರೆ? ಯಾರಿಗೂ ತಿಳಿಯದ ಹಾಗೆ, ಮುಂದಿನ ವರ್ಷ, ಒಂದು ಒಳ್ಳೆಯ ಹಸು. ಆ ಹಸು ಅವನಿಗೆ ಕಣ್ಣೆದುರೇ ಕಂಡಿತು. ಹಾಲು ಕೊಡುವ ಸಾಧು ಹಸು. ಅದರಿಂದ ಎಷ್ಟು ಹಗುರವಾಯಿತೆಂದರೆ, ಕೊಟ್ಟೇಬಿಟ್ಟವನಂತೆ ಕೆಳಗಿಳಿದು ಬೂಟು ಹಾಕಿಕೊಂಡ.

ಹೊಲ ಹಸಿರಾಗಿತ್ತು. ಸುತ್ತಲಿನ ಬೋಳು ನೆಲದ ನಡುವೆ ಆ ಹಸಿರು ಒಂದು ಅಪರಾಧದ ಹಾಗೆ ಎದ್ದು ಕಾಣುತ್ತಿತ್ತು. ಸಾಲುಗಳು ನೇರ, ಏರಿಗಳು ಅಚ್ಚುಕಟ್ಟು, ಒಂದು ಕಳೆಯಿಲ್ಲ. ಬದುವಿನ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಅದನ್ನು ತಂದವನು ಇವನೂ ಕೊಕ್ಕರೆಯೂ ಬಂದದ್ದು ನೋಡಿ ಬೀಡಿ ಆರಿಸಿದ. ಅವಳು ಸೆರಗು ಸಿಕ್ಕಿಸಿಕೊಂಡು ಎದುರು ಬಂದಳು.

"ಬಂದ್ರಾ ಅಣ್ಣಾ? ನೋಡಿ, ಹೂ ಉದುರಿ ಗಡ್ಡೆ ಕಟ್ಟಿದೆ. ಇನ್ನು ಮೂರೇ ವಾರ. ಇವನು ಆಗಿಂದ ಇಲ್ಲಿ ನಿಂತಿದಾನೆ, ಯಾಕೆ ಅಂದ್ರೆ ಬಾಯೇ ಬಿಡ್ತಿಲ್ಲ."

ಅವನೂ ಬಿಡಲಿಲ್ಲ. ಕೊಕ್ಕರೆ ಹೇಳಿದ. ಉದ್ದ ಕಾಲನ್ನು ಬದಲಿಸುತ್ತ, ನಿಯಮ, ಪರಿಶೀಲನೆ, ಫೋಟೋ ಎಂದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಅವಳು ಅಷ್ಟನ್ನೂ ಕೇಳಿಸಿಕೊಂಡಳು, ಆದರೆ ನೋಡುತ್ತಿದ್ದುದು ಇವನನ್ನು.

"ಹೇಳಿ ಅಣ್ಣಾ ಇವರಿಗೆ. ನೀವೇ ಹಾಕ್ಕೋ ಅಂದ್ರಿ ಅಂತ ಹೇಳಿ."

ಟ್ರ್ಯಾಕ್ಟರಿನವನೂ ಕುತೂಹಲದಿಂದ ಕತ್ತು ಮುಂದೆ ಚಾಚಿದ.

"ಹಾಗೆ ಖಚಿತವಾಗಿ ಹೇಳಿದ ನೆನಪಿಲ್ಲ ನನಗೆ," ಎಂದ ಅವನು. ಅವನ ದನಿ ಅವನಿಗೇ ಕಚೇರಿಯ ಪತ್ರದ ಹಾಗೆ ಕೇಳಿಸಿತು.

"ಗೇಟಿನ ಹತ್ರ. ಹಸು ಮಾರ್ತೀನಿ ಅಂದೆ. ಆಮೇಲೆ ಬೇಡ ಅನ್ನಬಾರ್ದು ಅಂದೆ. ಅನ್ನೋದಿಲ್ಲ ಅಂದ್ರಿ."

"ನೀನು ಏನೋ ಕೇಳಿರಬಹುದು. ನಾನು ಬೇರೆ ಏನೋ ಯೋಚನೇಲಿ ಇದ್ದಿರಬಹುದು."

ಅವಳು ಅಳುತ್ತಾಳೆಂದು ಅವನು ಹೆದರಿದ್ದ. ಅತ್ತರೆ ಸಮಾಧಾನ ಹೇಳಬಹುದೆಂಬ ಆಸೆಯೂ ಇತ್ತು. ಅವಳು ನಕ್ಕಳು. "ಸರಿ ಬಿಡಿ ಸಾಹೇಬ್ರೇ," ಎಂದಳು. "ತಪ್ಪು ನಂದೇ. ಗೇಟಿನ ಹತ್ರ ಯಾರೋ ನಿಂತಿದ್ರು, ನಾನು ನೀವು ಅಂದ್ಕೊಂಡೆ."

ಸಾಹೇಬ್ರೇ ಎಂಬ ಆ ಒಂದು ಮಾತಿಗೆ ಅವನ ಮುಖ ಬಿಸಿಯಾಯಿತು. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ, ನಾನು ಪೂರ್ತಿ ಕೆಟ್ಟವನಲ್ಲ ಎಂದು ಒಳಗೆಲ್ಲೋ ಸಣ್ಣ ನೆಮ್ಮದಿಯೂ ಆಯಿತು.

ಕೊಕ್ಕರೆ ಅವನನ್ನು ಪಕ್ಕಕ್ಕೆ ಎಳೆದುಕೊಂಡ. "ಈಗಲೂ ಸಾಹೇಬ್ರಿಗೆ ಫೋನ್ ಮಾಡಬಹುದು ಕಣಯ್ಯಾ. ಎರಡು ನಿಮಿಷದ ಮಾತು. ಮಾಡ್ತೀಯಾ?"

ಅವನು ಫೋನು ಹೊರತೆಗೆದು ನೋಡಿದ. ಸಿಗ್ನಲ್ಲಿನ ಗೆರೆಗಳೆಲ್ಲ ಪೂರ್ತಿ ನಿಂತಿದ್ದವು.

"ನೆಟ್‌ವರ್ಕ್ ಇಲ್ಲ," ಎಂದ.

ಕೊಕ್ಕರೆ ಒಂದು ಕ್ಷಣ ಅವನನ್ನೇ ನೋಡಿದ. ಯಾವುದಕ್ಕೂ ಬೇಸರಿಸದ ಆ ಮುಖದಲ್ಲಿ ಬೇಸರ ಹೇಗೆ ಕಾಣುತ್ತದೆಂದು ಅವನು ಮೊದಲ ಸಲ ನೋಡಿದ. ಆಮೇಲೆ ಕೊಕ್ಕರೆ ತಿರುಗಿ ಟ್ರ್ಯಾಕ್ಟರಿನವನಿಗೆ ಕೈ ಬೀಸಿದ.

ಅರ್ಧ ಗಂಟೆಯೂ ಬೇಕಾಗಲಿಲ್ಲ. ಗಿಡಗಳು ಬೇರು ಮೇಲಾಗಿ ಬಿದ್ದವು, ಹಸಿರು ಮಗುಚಿ ಕಪ್ಪಾಯಿತು. ಅಲ್ಲಲ್ಲಿ ಗೋಲಿಯಷ್ಟು, ನೆಲ್ಲಿಕಾಯಿಯಷ್ಟು ಗಡ್ಡೆಗಳು ಬಿಸಿಲಿಗೆ ಬಂದು ಬಿಳಿಚಿಕೊಂಡವು. ಅವಳು ಟ್ರ್ಯಾಕ್ಟರಿಗೆ ಅಡ್ಡ ನಿಲ್ಲಲಿಲ್ಲ, ಶಾಪ ಹಾಕಲಿಲ್ಲ. ಸೆರಗನ್ನು ಬಿಚ್ಚಿ ಜೋಳಿಗೆ ಮಾಡಿಕೊಂಡು, ಅದರ ಹಿಂದೆಯೇ ಬಗ್ಗಿ ಸಿಕ್ಕಿದ್ದನ್ನು ಆಯುತ್ತ ಬಂದಳು.

"ನಡುವೆ ಹೋಗಿ ನಿಲ್ಲು," ಎಂದ ಕೊಕ್ಕರೆ.

ಅವನು ಹೋಗಿ ನಿಂತ. ಆಗಷ್ಟೇ ಉತ್ತ ಮಣ್ಣು ಸಡಿಲವಾಗಿತ್ತು. ಬೂಟು ಮೆತ್ತಗೆ ಒಳಗಿಳಿಯಿತು. ಕೊಕ್ಕರೆ ಫೋನಿನಲ್ಲಿ ನೋಡಿ ತಲೆಯಾಡಿಸಿದ.

"ಪಾದ ಕಾಣ್ತಿಲ್ಲ."

ಅವನು ಕಾಲು ಕಿತ್ತು ಇನ್ನೊಂದು ಕಡೆ ಇಟ್ಟ. ಅದೂ ಇಳಿಯಿತು. ಆಚೆ ಹೋದ, ಈಚೆ ಬಂದ. ಮಣ್ಣಿನ ಮೇಲೆ ಡಾಕ್ಟರೇಟು ಮಾಡಿದವನಿಗೆ ಹೊಲದಲ್ಲಿ ಎಲ್ಲೂ ನಿಲ್ಲಲು ಗಟ್ಟಿ ಜಾಗ ಸಿಗಲಿಲ್ಲ. ಪ್ರತಿ ಸಲವೂ ಯಂತ್ರಕ್ಕೆ ಬೇಕಾದಷ್ಟು ಮಾತ್ರ ನೆಲದೊಳಗೆ ಹೋಗುತ್ತಿತ್ತು, ಬೇಡವಾದ ಮುಖ, ಮೈ ಎಲ್ಲ ಮೇಲೆ ಉಳಿಯುತ್ತಿತ್ತು.

"ಓಡಾಡಬೇಡ, ಇನ್ನೂ ಹೂತು ಹೋಗ್ತೀಯ. ಅಲ್ಲೇ ಇರು," ಎಂದು ಕೊಕ್ಕರೆ ಕೂಗಿದ.

ಅವನು ಅಲ್ಲೇ ಇದ್ದ. ಸಾಲಿನುದ್ದಕ್ಕೂ ಆಯುತ್ತ ಬಂದ ಅವಳು ಅವನ ಹತ್ತಿರ ಕೂತಳು.

"ಕಾಲು," ಎಂದಳು.

ಅವನು ಕಾಲೆತ್ತಲು ಹೋದ. "ಅಲ್ಲಾಡಬೇಡ ಅಂದ್ನಲ್ಲ!" ಎಂದು ಕೊಕ್ಕರೆ ಗದರಿದ. ಅವಳು ಕಾಯಲಿಲ್ಲ. ಎರಡೂ ಕೈ ಮಣ್ಣಿಗೆ ಹಾಕಿ ಅವನ ಬೂಟಿನ ಸುತ್ತ ಕೆದಕತೊಡಗಿದಳು. ಅವಳ ನೆತ್ತಿಯ ಬೈತಲೆ, ಬೆವರಿಗೆ ಅಂಟಿದ ಧೂಳು ಅವನಿಗೆ ಮೇಲಿನಿಂದ ಕಾಣುತ್ತಿತ್ತು. ಒಂದು ಗಡ್ಡೆ ಸಿಕ್ಕಿತು. ಇನ್ನೊಂದು, ಇನ್ನೂ ಸಣ್ಣದು. ಎರಡನ್ನೂ ಸೆರಗಿಗೆ ಹಾಕಿಕೊಂಡಳು. ಬಲಗಾಲಿನ ಬೂಟು ಹೊರಬಂತು, ಅದರ ಲೇಸು, ತುದಿ, ಆಮೇಲೆ ಎಡಗಾಲಿನದು. ಒಂದು ಹಸುವಿನ ಮಾತು ಅವನ ಬಾಯಿಗೆ ಬಂತು. ಬಾಯಿ ತೆರೆದ.

"ಆಹಾ, ಈಗ ಕಾಣ್ತಿದೆ! ಹಾಗೇ ಇರು, ಹಾಗೇ ಇರು," ಎಂದ ಕೊಕ್ಕರೆ, ಬಿಸಿಲಿಗೆ ಅಡ್ಡವಾಗಿ ಫೋನನ್ನು ತಿರುಗಿಸುತ್ತ.

ಮಣ್ಣಿನಲ್ಲಿ ಇನ್ನೂ ಉಳಿದಿದ್ದ ಅವನ ಹಿಮ್ಮಡಿಗೆ ಅವಳ ಬೆರಳು ತಾಗಿತು. ಬೆರಳು ಅದನ್ನು ಸುತ್ತಲೂ ಸವರಿ, ಒತ್ತಿ, ಅಳೆದು ನೋಡಿತು. ಗಡ್ಡೆಯಲ್ಲವೆಂದು ತಿಳಿದ ಮೇಲೆ ಅವಳು ಕೈ ಕೊಡವಿಕೊಂಡು ಮುಂದಿನ ಗಿಡಕ್ಕೆ ಸರಿದಳು. ಕೆದಕಿದ ಮಣ್ಣು ಅಂಚಿನಿಂದ ಜಾರಿ, ನಿಧಾನವಾಗಿ ಮತ್ತೆ ಅವನ ಬೂಟಿನ ಮೇಲೆ ಬೀಳತೊಡಗಿತು.